ಮೊದಲ ಸೊಪ್ಪು

ನವೆಂಬರ್ 4, ಮಂಗಳವಾರ

ಹೇಳಿಯೇಬಿಟ್ಟೆ. ನಿನ್ನೆ ರಾಮನಗರದ ಮಾರ್ಕೆಟ್ಟಿನಲ್ಲಿ ನಮ್ಮ ರೇಷ್ಮೆ ಗೂಡು ಚೆನ್ನಾಗಿ ಹೋಗಿತ್ತು, ಇವರು ಖುಷಿಯಲ್ಲಿದ್ದರು. ಮಧ್ಯಾಹ್ನ ಮುದ್ದೆಗೆ ಸಾರು ಬಿಡುತ್ತಾ, "ನಾನು ಕಾರವಾರಕ್ಕೆ ಹೋಗಿ ಸಮುದ್ರ ನೋಡ್ಕಂಡ್ ಬತ್ತೀನಿ" ಅಂದೆ.

"ಯಾರ್ ಜೊತೆ?"

"ಒಬ್ಳೇ."

ಇವರ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು. ಅತ್ತೆ ಗೋಡೆಗೊರಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದವರು, "ಅಲ್ಲಿ ಯಾವ ದೇವ್ರೈತೆ?" ಅಂದರು.

"ದೇವ್ರಿಗಲ್ಲ ಅತ್ತೆ. ಸಮುದ್ರ ನೋಡಕ್ಕೆ."

"ಸಮುದ್ರಕ್ಕೆ ಹರಕೆ ಹೊತ್ತಿದ್ಯಾ?"

ಹರಕೆ ಇಲ್ಲ, ಕಾರಣವೂ ಇಲ್ಲ. ಹೈಸ್ಕೂಲಿನಲ್ಲಿ ಕರ್ನಾಟಕದ ಮ್ಯಾಪ್ ಬರೆಯುವಾಗ ಎಡಗಡೆ ಅಂಚಿನಲ್ಲಿ ಕಾರವಾರ ಬರೆದು ಅದರಾಚೆ ನೀಲಿ ಬಳಿಯುತ್ತಿದ್ದೆ. ಆ ನೀಲಿ ನೋಡಬೇಕು, ಅಷ್ಟೇ. ಓಂ ಶಕ್ತಿ ಯಾತ್ರೆಯ ಬಸ್ಸಿನಲ್ಲಿ ಊರಿನ ಹೆಂಗಸರ ಜೊತೆ ಹೋಗು ಅಂತ ಇವರು ಅಂದರು. ಊರಿನ ಹೆಂಗಸರನ್ನು ನಾನು ದಿನಾ ನೋಡುತ್ತೇನೆ.

ಸಂಜೆ ಪಕ್ಕದ ಮನೆಯಿಂದ ಭಾವ ಬಂದರು. ಇವರ ಅಣ್ಣ ದೊಡ್ಡಹನುಮಯ್ಯ. ಬಾಗಿಲಲ್ಲೇ ಶುರು ಮಾಡಿದರು: "ಏನ್ಲಾ ಜಯ, ನಿನ್ನೆಂಡ್ರು ಮೆಜೆಸ್ಟಿಕ್ಕಲ್ಲಿ ಬುಟ್ರೆ ಮನೆಗ್ ಬರಕ್ಕಾಗಲ್ಲ, ಕಾರ್ವಾರಕ್ಕೆ ಹೋಯ್ತಾಳಂತಾ?" ನನ್ನ ಮುಂದೆಯೇ, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

ನನಗೆ ಮೈಯೆಲ್ಲ ಉರಿಯಿತು. ಹದಿಮೂರನೇ ತಾರೀಕು ಸಂಜೆ ಕಾರವಾರದ ರೈಲು, ಮಗಳು ಧನುಶ್ರೀ ಟಿಕೆಟ್ ಮಾಡಿಯಾಗಿದೆ ಅಂದೆ. ಅದಕ್ಕೂ ಮುಂಚೆ ಮೂರು ದಿನ ಬೆಂಗಳೂರನ್ನು ಒಬ್ಬಳೇ ಸುತ್ತಿ ಸಂಜೆಗೆ ಮನೆ ಸೇರುತ್ತೇನೆ ಅಂದೆ. "ಒಂದೇ ಒಂದ್ ದಪ ದಾರಿ ತಪ್ತು ಬನ್ನಿ ಅಂತ ಫೋನ್ ಮಾಡುದ್ರೆ ಆ ಟಿಕೆಟ್ ಹರ್ದಾಕಿ!" ಇವರು, "ಆಯ್ತು, ಹೋಗು" ಅಂದರು. ಅಷ್ಟು ಸುಲಭವಾಗಿ ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ.

ಟಿಕೆಟ್ ಧನುಶ್ರೀಯ ಮೊಬೈಲಿನಲ್ಲಿದೆ. ಅದನ್ನು ಹರಿಯುವುದು ಹೇಗೋ ಭಾವನವರೇ ಹೇಳಬೇಕು.

ನವೆಂಬರ್ 5, ಬುಧವಾರ

ಹುಳುಮನೆ ತೊಳೆದೆವು. ಬ್ಲೀಚಿಂಗ್ ಪೌಡರಿನ ಘಾಟಿಗೆ ಕಣ್ಣು ಮೂಗು ಎರಡೂ ಸುರಿಯುತ್ತಿವೆ. ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲವನ್ನೂ ಬಿಸಿಲಿಗೆ ಹಾಕಿದೆವು. ಗೂಡು ಮಾರಿದ ಮೇಲೆ ಮುಂದಿನ ಹುಳು ಬರುವ ತನಕ ಈ ಮನೆಗೆ ಬೀಗ, ನನಗೆ ಬಿಡುವು. ಈ ಸಲ ತಿಂಗಳ ಕೊನೆಗೆ ಹುಳು ಹಾಕೋಣ ಅಂತ ಮಾತಾಗಿದೆ. ಅಷ್ಟರಲ್ಲಿ ಕಾರವಾರಕ್ಕೆ ಎರಡು ಸಲ ಹೋಗಿಬರಬಹುದು.

ತೊಳೆಯುವಾಗ ಅತ್ತೆ ಹೊರಗೆ ಕೂತು ನನ್ನ ಬಗ್ಗೆ ಹಳೇ ಮಾತೇ ಆಡುತ್ತಿದ್ದರು. "ಕೆಂಚಿ ಕೈಗುಣ ಯಾರ್ಗೂ ಬರಲ್ಲ ಕಣ." ನಾನು ಸೊಸೆಯಾಗಿ ಬಂದ ವರ್ಷ ಎಳೆ ಹುಳುವಿಗೆ ಹಿಪ್ಪುನೇರಳೆಯ ಮೊದಲ ಸೊಪ್ಪು ನನ್ನ ಕೈಯಲ್ಲಿ ಹಾಕಿಸಿದರು, ಬೆಳೆ ಚೆನ್ನಾಗಿ ಬಂತು. ಅವತ್ತು ಅಂಟಿಕೊಂಡದ್ದು ಈ ಕೈಗುಣ. ಮೊದಲ ಸೊಪ್ಪು ಯಾರು ಹಾಕಿದರೋ ಗೂಡು ಕಟ್ಟುವ ತನಕ ಅವರೇ ನೋಡಿಕೊಳ್ಳಬೇಕು, ನಡುವೆ ಕೈ ಬದಲಾಗಬಾರದು. ಇದು ಈ ಮನೆಯ ಪದ್ಧತಿ. ಹುಳುವಿಗೆ ವಾಸನೆ ಆಗದು, ಹಾಗಾಗಿ ಹುಳು ಇರುವಷ್ಟು ದಿನ ಹೂವು ಮುಡಿಯುವ ಹಾಗಿಲ್ಲ, ಪೌಡರ್ ಹಚ್ಚುವ ಹಾಗಿಲ್ಲ, ಒಗ್ಗರಣೆ ಹಾಕಿದ ಕೈಯಲ್ಲಿ ಒಳಗೆ ಕಾಲಿಡುವ ಹಾಗಿಲ್ಲ.

ತವರು ಕೋಡಿಹಳ್ಳಿಯಲ್ಲಿ ನಮ್ಮವ್ವ ತೀರಿಕೊಂಡಾಗ ಹುಳು ಹಣ್ಣಾಗಿ ಗೂಡಿಗೆ ಏರುವ ಹೊತ್ತು. ಮಣ್ಣು ಮಾಡಿ ಸಂಜೆಗೇ ಬಸ್ಸು ಹತ್ತಿ ಬಂದೆ. ಅಣ್ಣ ಬಸ್ಸಿನ ತನಕ ಬಂದು, ಬಸ್ಸು ಹೊರಡುವ ಮುಂಚೆಯೇ ತಿರುಗಿ ನಡೆದ. ಆ ಸಲ ಗೂಡು ಬಹಳ ಚೆನ್ನಾಗಿ ಬಂತು ಅಂತ ಊರೆಲ್ಲ ಹೊಗಳಿತು. ಕೈಗುಣವಂತೆ ಕೈಗುಣ.

ನವೆಂಬರ್ 6, ಗುರುವಾರ

ಮೊದಲ ದಿನ. ಹೊಂಗನೂರಿನಿಂದ ಮೊದಲ ಬಸ್ಸು, ಚನ್ನಪಟ್ಟಣದಲ್ಲಿ ರೈಲು. ಎಲ್ಲರೂ ದಿನಾ ಓಡಾಡುವವರು, ಅವರವರ ಜಾಗ ಅವರವರಿಗೆ. ನಾನು ಬಾಗಿಲ ಹತ್ತಿರ ನಿಂತೆ.

ರಾಮನಗರದಲ್ಲಿ ಸೀಟು ಖಾಲಿಯಾಗಿ ಕೂತೆ. ನನ್ನ ಪಕ್ಕಕ್ಕೆ ಬುರ್ಖಾ ಹಾಕಿದ ಒಬ್ಬ ಹೆಂಗಸು ಬಂದು ಕೂತರು. ಅತ್ತರಿನ ವಾಸನೆ ಘಮ್ಮೆಂದಿತು. ನಾನು ಥಟ್ಟನೆ ಎದ್ದು ಎದುರಿನ ಸಾಲಿಗೆ ಹೋದೆ.

"ಯಾಕಮ್ಮಾ? ನಮ್ಮ ಪಕ್ಕ ಕೂರಬಾರದಾ?" ಅಂದರು. ಸಿಟ್ಟಿನಲ್ಲಿ ಅಲ್ಲ. ಇಂಥದ್ದು ಅಭ್ಯಾಸವಾದವರ ಹಾಗೆ ಕೇಳಿದರು. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಅವರು ಏನೆಂದುಕೊಂಡರು ಅಂತ ಆಮೇಲೆ ಹೊಳೆಯಿತು. ನಾಚಿಕೆಯಿಂದ ಸತ್ತೇಹೋದೆ. "ಅಯ್ಯೋ, ಅದಲ್ಲ ಕಣಕ್ಕ! ನಿಮ್ ಅತ್ತರು! ನಮ್ಮನೇಲಿ ರೇಷ್ಮೆ ಹುಳ ಸಾಕ್ತೀವಿ, ವಾಸ್ನೆ ಮೈಗಂಟಿದ್ರೆ ಹುಳಕ್ಕಾಗಲ್ಲ."

"ಈಗ ಹುಳ ಇದಾವಾ ಮನೇಲಿ?"

"ಇಲ್ಲ."

"ಮತ್ತೆ?"

ಮತ್ತೆ ಏನು ಹೇಳಲಿ? ಇಬ್ಬರೂ ನಕ್ಕುಬಿಟ್ಟೆವು. ವಾಪಸ್ ಹೋಗಿ ಅವರ ಪಕ್ಕದಲ್ಲೇ ಕೂತೆ. ಹೆಸರು ರೋಶನ್ ಬೀ. ರಾಮನಗರದಲ್ಲಿ ಮನೆಯಲ್ಲೇ ನೂಲು ತೆಗೆಯುತ್ತಾರೆ. ಮಗಳು ಜೈನಬ್ ಶಿವಾಜಿನಗರದಲ್ಲಿ ಬಾಣಂತಿ, ಅವಳನ್ನು ನೋಡಿಕೊಳ್ಳಲು ಹೋಗಿಬರುತ್ತಾರೆ. "ನೀವು ಸಾಕೋರು, ನಾವು ಕುದಿಸೋರು. ಗೂಡು ಕುದಿಸೋ ಮನೆ ವಾಸ್ನೆ ಗೊತ್ತಲ್ಲ ನಿಮಗೆ, ಅತ್ತರ್ ಇಲ್ಲದೆ ನಾವು ಬೀದಿಗೆ ಬರೋಕಾಗಲ್ಲ" ಅಂದರು.

ವಿಧಾನಸೌಧ ನೋಡಿದೆ. ಎದುರಿಗಿರುವ ಕೆಂಪು ಹೈಕೋರ್ಟು ನನಗೆ ಅದಕ್ಕಿಂತ ಚೆಂದ ಕಂಡಿತು. ಕಬ್ಬನ್ ಪಾರ್ಕಿನಲ್ಲಿ ಕೂತೆ, ಆದರೆ ನೆಮ್ಮದಿ ಎಲ್ಲಿ? ಇವರು ಫೋನ್ ಮೇಲೆ ಫೋನ್. ಎಲ್ಲಿದ್ದೀಯಾ, ಊಟ ಮಾಡಿದ್ಯಾ, ಬೇಳೆ ಡಬ್ಬ ಎಲ್ಲೈತೆ. ಭಾವ ಒಂದು ಸಲ. ಅತ್ತೆ ಒಂದು ಸಲ, ಹಸು ಹಾಲು ಕಮ್ಮಿ ಕೊಟ್ಟಿತಂತೆ, ನಾನಿಲ್ಲ ಅಂತ. ಹೋಟೆಲಿನಲ್ಲಿ ಮಾಣಿ, "ಎಷ್ಟು ಜನ?" ಅಂದ. ಒಬ್ಬಳೇ ಅಂದಿದ್ದಕ್ಕೆ ಕೈ ತೊಳೆಯುವ ಜಾಗದ ಪಕ್ಕ ಮೂಲೆ ತೋರಿಸಿದ. ಅಲ್ಲಿ ಕೂರಲಿಲ್ಲ. ಬೀದಿಗೆ ಕಾಣುವ ಟೇಬಲ್ಲಿಗೆ ಹೋಗಿ ಕೂತು ಮಸಾಲೆದೋಸೆ ಹೇಳಿದೆ.

ನವೆಂಬರ್ 7, ಶುಕ್ರವಾರ

ಕಾಲು ನೋವು. ಅತ್ತೆ ಏನೇನು ನೋಡಿದೆ ಅಂತ ಕೇಳಿದರು. ವಿಧಾನಸೌಧ ಅಂದೆ. "ನಾನೂ ನೋಡಿವ್ನಿ ಬುಡು. ಯಾವ್ದೋ ಮದ್ವೆಗೆ ಹೋಗ್ಬೇಕಾರೆ ಬಸ್ಸಿಂದ. ಕಿಟ್ಕಿ ಪಕ್ಕ ನಿಮ್ಮಾವ ಕೂತಿದ್ರು, ಅರ್ಧ ಕಂಡ್ತು."

ನವೆಂಬರ್ 8, ಶನಿವಾರ

ಕಳೆದುಹೋದೆ. ಇಲ್ಲಿ ಬರೆಯುತ್ತಿದ್ದೇನೆ, ಇನ್ನೆಲ್ಲೂ ಹೇಳುವುದಿಲ್ಲ.

ಎಂ.ಜಿ. ರೋಡಿನಲ್ಲಿ ಸುತ್ತಿ ಮೆಜೆಸ್ಟಿಕ್ಕಿಗೆ ಮೆಟ್ರೋ ಹತ್ತಿದೆ. ಹತ್ತಿದ್ದು ಎದುರು ದಿಕ್ಕಿನದು. ಒಳಗೆ ಎಷ್ಟು ತಣ್ಣಗೆ ಎಷ್ಟು ಚೆನ್ನಾಗಿತ್ತೆಂದರೆ ಕಿಟಕಿಯಾಚೆ ನೋಡುತ್ತಾ ಕೂತುಬಿಟ್ಟೆ. ಕೊನೆಗೆ ಎಲ್ಲರೂ ಇಳಿದರು. ವೈಟ್‌ಫೀಲ್ಡ್ ಅಂತೆ. ಬೆಂಗಳೂರಿನ ಆ ತುದಿ.

ಫೋನ್ ಕೈಗೆ ತೆಗೆದುಕೊಂಡೆ. ಭಾವನ ಮುಖ ಕಣ್ಣ ಮುಂದೆ ಬಂತು, ಆ ನಗು. ಫೋನನ್ನು ಬ್ಯಾಗಿನ ತಳಕ್ಕೆ, ಚಪಾತಿ ಡಬ್ಬದ ಕೆಳಗೆ ತುರುಕಿದೆ. ಅಲ್ಲಿದ್ದ ಹುಡುಗಿಯನ್ನು ಕೇಳಿದೆ, ಅವಳಿಗೆ ಕನ್ನಡ ಬರಲಿಲ್ಲ, ನನಗೆ ಅವಳ ಮಾತು ಬರಲಿಲ್ಲ. "ಮೆಜೆಸ್ಟಿಕ್" ಅಂದೆ. ಅವಳು ಕೈ ಹಿಡಿದು ಎದುರಿನ ಪ್ಲಾಟ್‌ಫಾರಂ ತೋರಿಸಿದಳು. ಇಷ್ಟೇ! ಇಡೀ ಊರು ಹೆದರಿಸಿದ್ದು ಇಷ್ಟಕ್ಕೆ!

ಊರಿಗೆ ಹೋಗುವ ನನ್ನ ರೈಲು ತಪ್ಪಿತು, ಮುಂದಿನದು ಹತ್ತಿದೆ. ಅದರಲ್ಲಿ ರೋಶನ್ ಬೀ ಸಿಕ್ಕರು, ಅವರಿಗೆ ಮಾತ್ರ ಹೇಳಿದೆ. ಮಾತಿಗೆ ಮಾತು ಬಂದು ನನ್ನ ಕೈಗುಣದ ವಿಷಯವೂ ಬಂತು. ಸ್ವಲ್ಪ ಜಂಬದಿಂದಲೇ ಹೇಳಿದೆ ಅನ್ನಿಸುತ್ತದೆ. "ಗೂಡು ಕೈಗ್ ತಗಂಡ್ರೆ ಯಾರ್ ಕೈಲಿ ಬೆಳೆದಿದ್ದು ಅಂತ ಗೊತ್ತಾಗ್ತದಾ ನಿಮ್ಗೆ?" ಅಂದೆ.

"ಹೆಂಗಮ್ಮಾ ಗೊತ್ತಾಗ್ತದೆ? ಗೂಡು ಗೂಡೇ. ನೂಲು ಕಡೀದೆ ಬರ್ತದಾ ನೋಡ್ತೀವಿ, ಅಷ್ಟೇ."

ನನಗೆ ಒಂದಿಷ್ಟು ಬೇಜಾರಾಯಿತು.

ಮನೆಯಲ್ಲಿ ಯಾಕೆ ತಡ ಅಂದರು. ರೈಲು ಲೇಟು ಅಂದೆ. ರೈಲು ಎಂದಿದ್ದರೂ ಲೇಟೇ, ಸುಳ್ಳೇನಲ್ಲ.

ನವೆಂಬರ್ 10, ಸೋಮವಾರ

ಮೂರನೇ ದಿನ ಲಾಲ್‌ಬಾಗ್. ಗಾಜಿನ ಮನೆ ನೋಡಿ, ಬಂಡೆ ಹತ್ತಿ ಕೂತೆ. ಬಂಡೆ ಬೆಚ್ಚಗಿತ್ತು. ಒಬ್ಬ ಮುದುಕ ಮೊಮ್ಮಗಳಿಗೆ ಗಾಳಿಪಟ ಹಾರಿಸಲು ಹೇಳಿಕೊಡುತ್ತಿದ್ದ, ಅದು ಹಾರಲೇ ಇಲ್ಲ, ಇಬ್ಬರಿಗೂ ಬೇಸರವೂ ಆಗಲಿಲ್ಲ. ಕೆರೆಯ ಕಡೆಯಿಂದ ತಂಪು ಗಾಳಿ. ಹದ್ದೊಂದು ಬಹಳ ಹೊತ್ತು ರೆಕ್ಕೆ ಬಡಿಯದೆ ಸುತ್ತುತ್ತಿತ್ತು. ಡಬ್ಬದಲ್ಲಿದ್ದ ಚಪಾತಿ ತಿಂದು, ಬ್ಯಾಗು ತಲೆದಿಂಬು ಮಾಡಿಕೊಂಡು ಅಲ್ಲೇ ಮಲಗಿದೆ. ಹಗಲು ಹೊತ್ತಿನಲ್ಲಿ, ಬಯಲಿನಲ್ಲಿ, ಸೊಪ್ಪಿನ ಹೊತ್ತಾಯಿತು ಅನ್ನುವ ಯೋಚನೆಯೇ ಇಲ್ಲದೆ.

ಎದ್ದಾಗ ನೆರಳು ಉದ್ದವಾಗಿತ್ತು. ಸಂಜೆ ರೈಲಿನಲ್ಲಿ ರೋಶನ್ ಬೀ ನನ್ನ ಕೈಗೆ ಬೆರಳುದ್ದದ ಒಂದು ಶೀಶೆ ಇಟ್ಟರು. ಮಲ್ಲಿಗೆಯ ಅತ್ತರು. "ಸಮುದ್ರಕ್ಕೆ ಹೋಗೋವಾಗ ಹಚ್ಕೊಳ್ಳಿ. ಹುಳ ಇಲ್ಲವಲ್ಲ ಈಗ."

ಮನೆಗೆ ಬಂದು ನೋಡಿದರೆ ಫೋನಿನಲ್ಲಿ ಇವರ ಕರೆಗಳ ಸಾಲು. ಕೇಳಿಸಲೇ ಇಲ್ಲ. ಸೈಲೆಂಟ್ ಆಗಿತ್ತೋ ಏನೋ.

ನವೆಂಬರ್ 11, ಮಂಗಳವಾರ

ಗೆದ್ದೆ. ಭಾವ ಈ ಕಡೆ ತಲೆ ಹಾಕಿಲ್ಲ. ಧನುಶ್ರೀ ಬ್ಯಾಗು ತುಂಬಿಕೊಟ್ಟಳು. "ಅಮ್ಮ, ಲೊಕೇಶನ್ ಹಾಕ್ತಿರು" ಅಂದಳು. ಇವರು ಮಾತ್ರ ಕತ್ತಲಾಗುವ ತನಕ ತೋಟ ಬಿಟ್ಟು ಬರುತ್ತಿಲ್ಲ.

ನವೆಂಬರ್ 12, ಬುಧವಾರ

ಸಂಜೆ ಇವರು ಹಿಪ್ಪುನೇರಳೆ ತೋಟದಿಂದ ಎಳೆ ಸೊಪ್ಪು ಕೊಯ್ದು ತಂದು ಒದ್ದೆ ಗೋಣಿ ಹೊದಿಸಿದರು. ಹುಳುವಿಲ್ಲದ ಮನೆಗೆ ಸೊಪ್ಪು ಯಾಕೆ?

"ನಾಳೆ ಬೆಳಗ್ಗೆ ಚಾಕಿ ಬತ್ತದೆ" ಅಂದರು, ನನ್ನ ಮುಖ ನೋಡದೆ. ಚಾಕಿ ಅಂದರೆ ಎಳೆ ಹುಳು. ಸೆಂಟರಿನವರು ಮೊಟ್ಟೆ ಒಡೆಸಿ, ಎರಡು ಜ್ವರ ದಾಟಿಸಿ, ಅಂದರೆ ಎರಡು ಸಲ ಪೊರೆ ಬಿಟ್ಟ ಮೇಲೆ, ಮನೆಗೆ ತಂದುಕೊಡುತ್ತಾರೆ.

"ತಿಂಗ್ಳ ಕೊನೆಗೆ ಅಂದಿದ್ರಲ್ಲ?"

"ಸೆಂಟರ್ನೋರು ಬೇಗ ಕೊಡ್ತಾವ್ರೆ. ನಾನೇನ್ ಮಾಡ್ಲಿ?"

ಹುಳು ಸಾಕಿ ಕೂದಲು ಹಣ್ಣಾದವಳಿಗೆ ಈ ಕತೆ! ಮೊಟ್ಟೆ ಒಡೆದು ಎರಡನೇ ಜ್ವರ ಏಳಬೇಕಾದರೆ ಒಂದು ವಾರ ಬೇಕು. ನಾಳೆ ಬರುವ ಹುಳು ಕಣ್ಣು ಬಿಟ್ಟಾಗ ನಾನು ಬೆಂಗಳೂರಿಗೆ ಮೊದಲ ಸಲ ಹೊರಟಿದ್ದೆ. "ಬುಕ್ ಮಾಡಿದ್ದು ಯಾವತ್ತು?" ಅಂದೆ. ಹಸುವಿನ ಕಡೆ ನೋಡಿದರು. ಮತ್ತೆ ಕೇಳಿದೆ.

"ನೀನು ಕಾರ್ವಾರ ಅಂದಲ್ಲ, ಅವತ್ತೇ. ನಿಂಗೇನಾರ ಆದ್ರೆ ಅಂತ ಭಯ ಕಣೆ ನಂಗೆ."

ಭಯವಂತೆ. ಭಯ ಅವರದು, ಬೀಗ ನನಗೆ. ಮೂರು ದಿನ ನಾನು ಬಿಸಿಲಿನಲ್ಲಿ ನಡೆದು ನಡೆದು ಗೆಲ್ಲುತ್ತಿದ್ದಾಗ ಅಲ್ಲಿ ಹುಳು ಬೆಳೆಯುತ್ತಿತ್ತು, ಗೆದ್ದರೂ ನಾನು ಹೋಗದ ಹಾಗೆ. ನಾಳೆ ಬಾಗಿಲಿಗೆ ಹುಳು ಬರುತ್ತದೆ, ಮೊದಲ ಸೊಪ್ಪು ಹಾಕು ಅನ್ನುತ್ತಾರೆ. ಹಾಕಿದರೆ ಗೂಡು ಕಟ್ಟುವ ತನಕ ಕೈ ಬದಲಾಗುವ ಹಾಗಿಲ್ಲ. ಹಾಕುವುದಿಲ್ಲ ಅಂದರೆ ಆ ಹಸಿದ ಹುಳುಗಳನ್ನು ಸಾಯಿಸಿದವಳು ನಾನು.

ಅತ್ತೆಗೂ ಗೊತ್ತಿತ್ತು. ಅವರ ಮುಖ ನೋಡಿದ ಕೂಡಲೇ ತಿಳಿಯಿತು. ಅತ್ತು ಅತ್ತು ಸಾಕಾಯಿತು. ಇನ್ನು ಅಳುವುದಿಲ್ಲ.

ನವೆಂಬರ್ 13, ಗುರುವಾರ, ರೈಲಿನಲ್ಲಿ

ರಾಮನಗರ ದಾಟಿತು. ರೈಲು ಕುಲುಕುತ್ತಿದೆ, ಅಕ್ಷರ ಹೀಗೇ ಬರುವುದು.

ಬೆಳಗ್ಗೆ ಹುಳು ಬಂತು. ಭಾವನೂ ಬಂದರು, ನೋಡುವುದಕ್ಕೆ. ಇವರು ತಟ್ಟೆಗಳನ್ನು ಒಳಗೆ ಜೋಡಿಸಿದರು. ಅತ್ತೆ ಸಣ್ಣಗೆ ಹೆಚ್ಚಿದ ಸೊಪ್ಪನ್ನು ಮೊರದಲ್ಲಿ ಹಿಡಿದು ಬಾಗಿಲಲ್ಲಿ ನಿಂತು, "ಬಾ ಕೆಂಚಿ, ಹುಳ ಹಸ್ದವೆ" ಅಂದರು.

ನಾನು ಬ್ಯಾಗಿನಿಂದ ಶೀಶೆ ತೆಗೆದು, ಮುಚ್ಚಳ ಬಿಚ್ಚಿ, ಎರಡೂ ಅಂಗೈಗೆ ಸುರಿದುಕೊಂಡೆ. ಉಜ್ಜಿದೆ. ಮೊಣಕೈ ತನಕ ಹಚ್ಚಿದೆ. ಅಂಗಳವೆಲ್ಲ ಮಲ್ಲಿಗೆ.

"ಏನ್ ಮಾಡ್ದೆ?" ಇವರು ಒಳಗಿನಿಂದ ಕೂಗಿದರು.

"ಅತ್ತರು ಹಚ್ಕಂಡೆ. ಇನ್ನು ಈ ಕೈ ಹುಳ ಮುಟ್ಟಂಗಿಲ್ಲ. ನಿಮ್ಮನೆ ಪದ್ಧತಿನೇ ಅಲ್ವಾ?"

"ಕೈ ತೊಳ್ಕಂಡ್ ಬಾ" ಅಂದರು ಅತ್ತೆ.

"ತೊಳುದ್ರೂ ಹೋಗಲ್ಲ ಅತ್ತೆ. ಬೇಕಾದ್ರೆ ನೋಡಿ." ಕೈ ಚಾಚಿದೆ.

ಭಾವ, "ಸೊಕ್ಕು ನೋಡ್ಲಾ ಇವ್ಳಿಗೆ!" ಅಂದರು. ಅತ್ತೆ ಅವರ ಮಾತು ಕೇಳಿಸಿಕೊಳ್ಳಲಿಲ್ಲ. ಮೊರವನ್ನು ಸೊಂಟಕ್ಕೆ ಆನಿಸಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದು ಮೂಗಿಗೆ ಒತ್ತಿಕೊಂಡರು. ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ಕಣ್ಣು ಮುಚ್ಚಿ ಮೂಸುತ್ತಲೇ ಇದ್ದರು. ನನಗಿಂತ ಮುಂಚೆ ಆ ಹುಳುಮನೆಯಲ್ಲಿ ಮೊದಲ ಸೊಪ್ಪು ಹಾಕುತ್ತಿದ್ದವರು ಅವರು. ಅವರ ತಲೆಯಲ್ಲಿ ಹೂವು ಇದ್ದದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಮಾವ ಬದುಕಿದ್ದಾಗಲೂ.

ಕೈ ಬಿಟ್ಟು, ಮೊರವನ್ನು ಒಳಗೆ ಮಗನ ಕಡೆ ಚಾಚಿದರು. "ಹಾಕ್ಲಾ ಜಯ."

"ನಾನಾ? ನನ್ ಕೈಗುಣ..."

"ಹಾಕ್ಲಾ. ನಿಂಗೂ ಎರಡ್ ಕೈ ಅವೆ."

ಇವರು ಹಾಕಿದರು. ನಾನು ಬಾಗಿಲಲ್ಲಿ ನಿಂತೇ ನೋಡಿದೆ. ಹುಳು ತಲೆ ಎತ್ತಿದವು, ಸೊಪ್ಪಿಗೆ ಬಾಯಿ ಹಾಕಿದವು. ಒಂದು ಕ್ಷಣವೂ ಕಾಯಲಿಲ್ಲ. ಯಾರ ಕೈ ಅಂತ ಕೇಳಲಿಲ್ಲ. ಇಷ್ಟು ವರ್ಷ ನನ್ನನ್ನು ಕಟ್ಟಿಹಾಕಿದ್ದು ಇದೇನಾ?

ಬ್ಯಾಗು ಎತ್ತಿಕೊಂಡೆ. ಇವರು ತಟ್ಟೆ ಬಿಟ್ಟು ಬರುವ ಹಾಗಿರಲಿಲ್ಲ. ಒಳಗಿನಿಂದಲೇ, "ಉಷಾರು" ಅಂದರು. ಆ ಮಾತು ಮೊದಲೇ ಅಂದಿದ್ದರೆ ಸಾಕಿತ್ತು.

ನವೆಂಬರ್ 14, ಶುಕ್ರವಾರ, ಕಾರವಾರ

ನೀಲಿಯಲ್ಲ. ಬೂದು, ಆಮೇಲೆ ಹಸಿರು, ಆಮೇಲೆ ಬಿಸಿಲು ಬಂದು ಬಿಳಿ. ನನ್ನ ಮ್ಯಾಪು ತಪ್ಪು.

ಮೊಣಕಾಲು ತನಕ ನಿಂತೆ. ಸೀರೆ ಎಲ್ಲ ಒದ್ದೆ. ಕಾಲಡಿಯ ಮರಳು ಜಾರುವಾಗ ಕೂಗಿಕೊಂಡೆ, ಯಾರೂ ತಿರುಗಿ ನೋಡಲಿಲ್ಲ. ಇನ್ನೊಂದು ಸಲ ಬೇಕೆಂದೇ ಕೂಗಿದೆ.

ನವೆಂಬರ್ 16, ಭಾನುವಾರ, ಕಾರವಾರ

ಮರಳಿನ ಮೇಲೆ ಕೂತಿದ್ದಾಗ ಇವರ ಫೋನ್. "ಹುಳ ಜ್ವರಕ್ಕೆ ಕೂತವೆ."

"ಏಳೋಗಂಟ ಸೊಪ್ಪು ಹಾಕ್ಬೇಡಿ."

"ಗೊತ್ತು ಕಣೆ. ಒಂದೂ ಸತ್ತಿಲ್ಲ. ನನ್ ಕೈಗೂ ಒಗ್ಗಿಕಂಡವೆ."

ಆ ದನಿಯಲ್ಲಿ ಇದ್ದದ್ದು ಜಂಬ. ನನಗೆ ಚುಚ್ಚಿತು. ಚುಚ್ಚಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಮೇಲೆ ನಗು ಬಂತು, ತಡೆಯಲಾಗಲಿಲ್ಲ. "ಹಂಗಾರೆ ಮುಂದಿನ್ ಬೆಳೆಗೂ ಮೊದಲ್ ಸೊಪ್ಪು ನೀವೇ ಹಾಕಿ" ಅಂದೆ. "ಬಾ, ಮಾತಾಡನ" ಅಂದರು. ಮಾತಾಡಲು ಏನೂ ಇಲ್ಲ, ಹೇಳಿಯಾಗಿದೆ.

ಆಮೇಲೆ ಫೋನಿನಲ್ಲಿ ಯಾರದೋ ಉಸಿರು ಕೇಳಿತು. ಅತ್ತೆ.

"ಕೆಂಚಿ. ಸಮುದ್ರ ಏನ್ ವಾಸ್ನೆ ಬತ್ತದೆ?"

ನಾನು ಅಂಗೈ ಮೂಸಿದೆ. ಉಪ್ಪು, ಮೀನು, ಎಲ್ಲೋ ಒಳಗೆ ಇನ್ನೂ ಒಸಿ ಮಲ್ಲಿಗೆ. "ಹೇಳಕ್ಕಾಗಲ್ಲ ಅತ್ತೆ. ನೀವೇ ಬಂದು ಮೂಸ್ಬೇಕು."

ಅವರ ಹಿಂದೆ ಹಸು ಕೂಗುವುದು ಕೇಳಿಸಿತು.

"ಕಿಟ್ಕಿ ಪಕ್ಕ ಸೀಟು ಸಿಕ್ತದಾ?"

"ಒಬ್ರೇ ಹೊರಟ್ರೆ ಸಿಕ್ತದೆ ಅತ್ತೆ" ಅಂದೆ.